ಅಂತರಜಾಲದಲ್ಲೊಂದು ಸ್ವಂತ ಸೈಟು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕಟ್ಟಿದ ಹಿರಿಯರಿಗೆ ಈ ಎರಡೂ ಕೆಲಸಗಳ ಖರ್ಚು, ಓಡಾಟ ಚೆನ್ನಾಗಿ ಗೊತ್ತಿತ್ತು. ಅಂತರಜಾಲದಲ್ಲಿ ಕಟ್ಟುವ ಮನೆಗೆ ಮಾತ್ರ ಈ ಗಾದೆ ಪೂರ್ತಿಯಾಗಿ ಒಪ್ಪುವುದಿಲ್ಲ. ಅಲ್ಲಿ ಮನೆ ಕಟ್ಟುವುದು ಒಂದು ಮಧ್ಯಾಹ್ನದ ಕೆಲಸ. ನಿವೃತ್ತ ಉಪಾಧ್ಯಾಯರು ತಮ್ಮೂರಿನ ವೀರಗಲ್ಲುಗಳ ಚಿತ್ರಗಳನ್ನು, ಗೃಹಿಣಿಯೊಬ್ಬರು ಅಜ್ಜಿಯಿಂದ ಕಲಿತ ಸೋಬಾನೆ ಪದಗಳನ್ನು, ಕಾಲೇಜು ವಿದ್ಯಾರ್ಥಿ ಕೆರೆಯಂಗಳದಲ್ಲಿ ಕಂಡ ಹಕ್ಕಿಗಳ ಪಟ್ಟಿಯನ್ನು ಜಗತ್ತಿನ ಮುಂದಿಡಲು ಈಗ ಯಾವ ಪ್ರಕಾಶಕನ ಅನುಮತಿಯೂ ಬೇಕಿಲ್ಲ.

ಕಷ್ಟವಿರುವುದು ಕಟ್ಟುವುದರಲ್ಲಲ್ಲ, ಉಳಿಸಿಕೊಳ್ಳುವುದರಲ್ಲಿ. ಇಂಗ್ಲಿಷಿನ ‘ವೆಬ್‌ಸೈಟ್’ ಪದದ ಎರಡನೆಯ ಭಾಗ ಕನ್ನಡಿಗರಿಗೆ ಹೊಸದೇನಲ್ಲ. ಸೈಟು ಎಂದರೆ ನಿವೇಶನ. ಸೈಟು ಕೊಂಡವರಿಗೆ ಖಾತೆ ಯಾರ ಹೆಸರಿನಲ್ಲಿದೆ, ಕಂದಾಯ ಕಟ್ಟಿದ್ದಾಯಿತೆ, ಬೇಲಿ ಸರಿಯಾಗಿದೆಯೆ ಎಂಬ ಚಿಂತೆ ತಪ್ಪಿದ್ದಲ್ಲ. ಅಂತರಜಾಲದ ಸೈಟಿನ ವಿಚಾರವೂ ಇದಕ್ಕಿಂತ ಬೇರೆಯಲ್ಲ. ಆದರೆ ಅಲ್ಲಿ ಈ ಚಿಂತೆ ಮಾಡುವವರು ಕಡಿಮೆ. ಅಂತರಜಾಲದ ಮೊದಲ ಎರಡು ದಶಕಗಳಲ್ಲಿ ಸಾಮಾನ್ಯ ಜನರು ಬರೆದಿಟ್ಟ ಪುಟಗಳಲ್ಲಿ ಎಷ್ಟೋ ಇಂದು ಓದಲು ಸಿಗದಿರುವುದಕ್ಕೆ ಇದೇ ಕಾರಣ.

ಮೊದಲ ಮನೆ

ಜಗತ್ತಿನ ಮೊಟ್ಟಮೊದಲ ಜಾಲತಾಣ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿ ಕೆಲಸದಲ್ಲಿದ್ದ ಬ್ರಿಟಿಷ್ ತಂತ್ರಜ್ಞ ಟಿಮ್ ಬರ್ನರ್ಸ್-ಲೀ, ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ ಹಂಚಿಹೋಗಿದ್ದ ಮಾಹಿತಿಯನ್ನು ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಿ ಓದುವ ವ್ಯವಸ್ಥೆಯೊಂದನ್ನು 1989ರಲ್ಲಿ ಸೂಚಿಸಿದರು. 1990ರ ಕೊನೆಯ ವೇಳೆಗೆ ಮೊದಲ ತಾಣ ಸಿದ್ಧವಾಯಿತು. 1991ರ ಆಗಸ್ಟ್‌ನಲ್ಲಿ ಅದರ ಸುದ್ದಿ ಹೊರಜಗತ್ತಿಗೆ ತಿಳಿಯಿತು. 1993ರ ಏಪ್ರಿಲ್ 30ರಂದು ಈ ತಂತ್ರವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸರ್ನ್ ಘೋಷಿಸಿತು. ಇಂದು ಸಾಮಾನ್ಯನೂ ಸ್ವಂತ ತಾಣ ಹೊಂದಲು ಸಾಧ್ಯವಾಗಿರುವುದರ ಹಿಂದೆ ಈ ಘೋಷಣೆಯಿದೆ.

ಆ ಮೊದಲ ತಾಣ ಇದ್ದದ್ದು ಬರ್ನರ್ಸ್-ಲೀ ಅವರ ಮೇಜಿನ ಮೇಲಿನ ಒಂದೇ ಕಂಪ್ಯೂಟರಿನಲ್ಲಿ. ಯಾರಾದರೂ ಅದನ್ನು ಆರಿಸಿಬಿಟ್ಟರೆ ಇಡೀ ಜಾಲವೇ ನಿಂತುಹೋಗುತ್ತಿತ್ತು. ಆದ್ದರಿಂದ ಆರಿಸಬಾರದೆಂದು ಕೆಂಪು ಶಾಯಿಯಲ್ಲಿ ಕೈಯಾರೆ ಬರೆದ ಚೀಟಿಯೊಂದನ್ನು ಯಂತ್ರಕ್ಕೆ ಅಂಟಿಸಲಾಗಿತ್ತು. ಜಾಲತಾಣದ ಮೊದಲ ರಕ್ಷಣಾ ವ್ಯವಸ್ಥೆ ಈ ಚೀಟಿ ಎಂದರೂ ಸಲ್ಲುತ್ತದೆ.

ಆರಿಸದಂತೆ ಕಾಯ್ದರೂ ಪುಟವನ್ನು ಆಗಾಗ ತಿದ್ದುವಾಗ ಹಳೆಯ ರೂಪವನ್ನು ತೆಗೆದಿಡಬೇಕೆಂದು ಸರ್ನ್‌ನಲ್ಲಿ ಯಾರಿಗೂ ಹೊಳೆಯಲಿಲ್ಲ. 2013ರಲ್ಲಿ ಸಂಸ್ಥೆ ಆ ಐತಿಹಾಸಿಕ ಪುಟವನ್ನು ಅದರ ಹಳೆಯ ವಿಳಾಸದಲ್ಲಿಯೇ ಮತ್ತೆ ತೆರೆದಾಗ ಬಳಸಿದ್ದು 1992ರ ಪ್ರತಿಯನ್ನು.

ವಿಳಾಸ, ನಿವೇಶನ, ಮನೆ

ಜಾಲತಾಣವೆಂಬುದು ಒಂದೇ ವಸ್ತುವಲ್ಲ. ಅದರಲ್ಲಿ ಮೂರು ಪಾಲುಗಳಿವೆ. ಮೊದಲನೆಯದು ವಿಳಾಸ. ಅಂತರಜಾಲದಲ್ಲಿ ಕಂಪ್ಯೂಟರ್‌ಗಳು ಒಂದನ್ನೊಂದು ಗುರುತಿಸುವುದು ಉದ್ದನೆಯ ಸಂಖ್ಯೆಗಳಿಂದ. ಮನುಷ್ಯರಿಗೆ ಈ ಸಂಖ್ಯೆಗಳು ನೆನಪಿನಲ್ಲಿ ಉಳಿಯುವುದಿಲ್ಲ. ಅದಕ್ಕಾಗಿ 1983ರಲ್ಲಿ ಹೆಸರುಗಳ ವ್ಯವಸ್ಥೆಯೊಂದನ್ನು ರೂಪಿಸಲಾಯಿತು. ಡಾಟ್ ಕಾಮ್, ಡಾಟ್ ಇನ್ ಎಂದು ಕೊನೆಗೊಳ್ಳುವ ಹೆಸರನ್ನು ಟೈಪ್ ಮಾಡಿದೊಡನೆ ಈ ವ್ಯವಸ್ಥೆ, ಟೆಲಿಫೋನ್ ಡೈರೆಕ್ಟರಿಯಂತೆ, ಅದಕ್ಕೆ ಸೇರಿದ ಸಂಖ್ಯೆಯನ್ನು ಹುಡುಕಿಕೊಡುತ್ತದೆ.

ಎರಡನೆಯದು ನಿವೇಶನ. ಹಗಲಿರುಳೂ ಚಾಲೂ ಇರುವ, ಜಾಲಕ್ಕೆ ಸದಾ ಜೋಡಿಸಿದ ಕಂಪ್ಯೂಟರಿನಲ್ಲಿ ಬಾಡಿಗೆಗೆ ಪಡೆದ ಸ್ವಲ್ಪ ಜಾಗವಿದು. ಈ ಕಂಪ್ಯೂಟರಿಗೆ ಸರ್ವರ್ ಎಂದೂ, ಬಾಡಿಗೆಯ ಏರ್ಪಾಡಿಗೆ ಹೋಸ್ಟಿಂಗ್ ಎಂದೂ ಹೆಸರು. ಮೂರನೆಯದು ಆ ಜಾಗದಲ್ಲಿ ಕಟ್ಟಿದ ಮನೆ, ಎಂದರೆ ಬರಹ ಮತ್ತು ಚಿತ್ರಗಳು. ಯಾವುದು ಶೀರ್ಷಿಕೆ, ಯಾವುದು ಪ್ಯಾರಾ, ಚಿತ್ರ ಎಲ್ಲಿ ಬರಬೇಕು ಎಂಬುದನ್ನು ಎಚ್‌ಟಿಎಂಎಲ್ ಎಂಬ ಗುರುತುಗಳ ಭಾಷೆಯಲ್ಲಿ ಬರೆದಿರುತ್ತಾರೆ. ಹಸ್ತಪ್ರತಿಯ ಅಂಚಿನಲ್ಲಿ ಪ್ರೆಸ್ಸಿನವರಿಗಾಗಿ ಸಂಪಾದಕರು ಹಾಕುವ ಗುರುತುಗಳಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಈ ಮೂರನ್ನೂ ಒಂದೇ ಕಂಪನಿ ಒಟ್ಟಾಗಿ, ಕೆಲವೊಮ್ಮೆ ಪುಕ್ಕಟೆಯಾಗಿ ಕೊಡುವುದುಂಟು. ಆಗ ಇವು ಬೇರೆ ಬೇರೆ ಎಂಬುದೇ ಬಳಕೆದಾರನಿಗೆ ತಿಳಿಯುವುದಿಲ್ಲ. ತಿಳಿಯುವುದು ಕಂಪನಿ ಬಾಗಿಲು ಮುಚ್ಚಿದಾಗ.

ಪುಕ್ಕಟೆ ಬಡಾವಣೆಯ ಕಥೆ

1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಸಂಸ್ಥೆಯೊಂದು ಮುಂದೆ ಜಿಯೋಸಿಟೀಸ್ ಎಂದು ಹೆಸರಾಯಿತು. ಅದು ಜನರಿಗೆ ಪುಕ್ಕಟೆಯಾಗಿ ಜಾಗ ಕೊಟ್ಟಿತು. ಇಡೀ ತಾಣವನ್ನು ಬಡಾವಣೆಗಳಾಗಿ ವಿಂಗಡಿಸಿದ್ದು ಅದರ ವಿಶೇಷ. ಸಿನಿಮಾದವರಿಗೆ ಹಾಲಿವುಡ್, ಕಂಪ್ಯೂಟರ್ ಆಸಕ್ತರಿಗೆ ಸಿಲಿಕಾನ್ ವ್ಯಾಲಿ, ಓದು-ವಿಚಾರಗಳಿಗೆ ಅಥೆನ್ಸ್ ಎಂಬ ಬಡಾವಣೆಗಳಿದ್ದವು. ಬಂದವರು ಖಾಲಿ ಇದ್ದ ಮನೆ ನಂಬರು ಆರಿಸಿಕೊಂಡು ತಮ್ಮ ಪುಟ ಕಟ್ಟಿಕೊಳ್ಳುತ್ತಿದ್ದರು. ಮಿನುಗುವ ನಕ್ಷತ್ರಗಳು, ಕಣ್ಣು ಕುಕ್ಕುವ ಬಣ್ಣಗಳು, ‘ಕೆಲಸ ನಡೆಯುತ್ತಿದೆ’ ಎಂಬ ಫಲಕಗಳು ಇವುಗಳ ಲಕ್ಷಣವಾಗಿದ್ದವು. ವಿನ್ಯಾಸಕಾರರು ಇವನ್ನು ನೋಡಿ ನಕ್ಕದ್ದೂ ಉಂಟು. ಆದರೆ ಕಂಪ್ಯೂಟರ್ ಶಿಕ್ಷಣವಿಲ್ಲದ ಜನರು ಮೊದಲ ಸಲ ತಮ್ಮ ಕೈಯಾರೆ ಕಟ್ಟಿದ ಮನೆಗಳು ಇವು.

ಭಾರತದಲ್ಲಿ ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರಜಾಲ ಸೇವೆ ಆರಂಭಿಸಿತು. ಹೀಗಾಗಿ ಭಾರತೀಯರು ಜಾಲಕ್ಕೆ ಕಾಲಿಟ್ಟ ಹೊತ್ತಿಗೆ ಇಂತಹ ಪುಕ್ಕಟೆ ಬಡಾವಣೆಗಳು ಸಿದ್ಧವಾಗಿಯೇ ಇದ್ದವು.

1999ರಲ್ಲಿ ಯಾಹೂ ಸಂಸ್ಥೆ ಸುಮಾರು 350 ಕೋಟಿ ಡಾಲರ್ ಮೌಲ್ಯದ ಷೇರುಗಳನ್ನು ಕೊಟ್ಟು ಜಿಯೋಸಿಟೀಸನ್ನು ಕೊಂಡಿತು. ಹತ್ತೇ ವರ್ಷಗಳಲ್ಲಿ ಅದರ ಬೆಲೆ ಇಳಿದುಹೋಯಿತು. 2009ರ ಏಪ್ರಿಲ್‌ನಲ್ಲಿ ಮುಚ್ಚುವ ಸೂಚನೆ ಬಂತು. ಅದೇ ವರ್ಷದ ಅಕ್ಟೋಬರ್ 26ರಂದು ಕೋಟಿಗಟ್ಟಲೆ ಪುಟಗಳಿಗೆ ಬೀಗ ಬಿತ್ತು. ಜಪಾನಿನ ಶಾಖೆಯೊಂದು ಮಾತ್ರ 2019ರವರೆಗೆ ಉಸಿರಾಡಿತು. ಸ್ವಯಂಸೇವಕರ ಗುಂಪೊಂದು ಕೊನೆಯ ತಿಂಗಳುಗಳಲ್ಲಿ ಹಗಲಿರುಳು ಪುಟಗಳನ್ನು ನಕಲು ಮಾಡಿಕೊಂಡು, ಕೈಗೆ ಸಿಕ್ಕಷ್ಟನ್ನು ಮರುವರ್ಷ ಎಲ್ಲರಿಗೂ ಹಂಚಿತು. ಅವರ ಕೈಗೆ ಸಿಗದೆ ಉಳಿದದ್ದು ಹೋಯಿತು.

ಇಲ್ಲಿ ಯಾಹೂ ಕಾನೂನು ಮುರಿದಿತ್ತೆಂದು ಹೇಳಲಾಗದು. ಜಾಗ ಅದರದು. ಅಲ್ಲಿ ಬರೆದವರು ಬಾಡಿಗೆ ಕೊಡದ ಬಿಡಾರದವರು. 2014ರ ಸೆಪ್ಟೆಂಬರ್ 30ರಂದು ಗೂಗಲ್‌ನ ಆರ್ಕುಟ್ ಮುಚ್ಚಿದಾಗ ಭಾರತದ ಲಕ್ಷಾಂತರ ಯುವಕರಿಗೂ ಇದೇ ಅನುಭವವಾಯಿತು.

ಕನ್ನಡಕ್ಕೆ ಬಂದ ಇನ್ನೊಂದು ಕಷ್ಟ

ಕನ್ನಡದ ತಾಣಗಳಿಗೆ ಇದರ ಜೊತೆಗೆ ಮತ್ತೊಂದು ತೊಡಕಿತ್ತು. 1996ರಲ್ಲಿ ಡಾ. ಯು.ಬಿ. ಪವನಜ ಅವರು ಆರಂಭಿಸಿದ ‘ವಿಶ್ವಕನ್ನಡ’ ಕನ್ನಡದ ಮೊದಲ ಜಾಲತಾಣವೆಂದು ಹೆಸರಾಗಿದೆ. ಆ ದಿನಗಳಲ್ಲಿ ಕಂಪ್ಯೂಟರಿಗೆ ಕನ್ನಡ ಅಕ್ಷರವೆಂದರೇನೆಂದು ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರದ ಆಕಾರಗಳನ್ನು ಕೂರಿಸಿ ಫಾಂಟ್‌ಗಳನ್ನು ಮಾಡಲಾಗಿತ್ತು. ಆ ಫಾಂಟ್ ಇದ್ದ ಯಂತ್ರದಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತಿತ್ತು. ಇಲ್ಲದ ಯಂತ್ರದಲ್ಲಿ ಅದೇ ಪುಟ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಒಬ್ಬರ ತಂತ್ರಾಂಶದಲ್ಲಿ ಬರೆದದ್ದು ಇನ್ನೊಬ್ಬರ ತಂತ್ರಾಂಶದಲ್ಲಿ ತೆರೆಯದಿರುವುದೂ ಸಾಮಾನ್ಯವಾಗಿತ್ತು.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. ಜಗತ್ತಿನ ಪ್ರತಿಯೊಂದು ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಏರ್ಪಾಡು ಇದು. ಇದರಲ್ಲಿ ಕನ್ನಡದ ‘ಕ’ ಅಕ್ಷರದ ಸಂಖ್ಯೆ 3221. ಬೆಂಗಳೂರಿನಲ್ಲಾಗಲಿ ಬೋಸ್ಟನ್‌ನಲ್ಲಾಗಲಿ ಈ ಸಂಖ್ಯೆ ‘ಕ’ ಅಕ್ಷರವನ್ನೇ ಸೂಚಿಸುತ್ತದೆ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಂತಹ ವ್ಯವಸ್ಥೆಗಳು ಮನೆಮನೆಗೆ ಹರಡಿದ ಮೇಲಷ್ಟೇ ಅದರ ಪ್ರಯೋಜನ ಜನರಿಗೆ ದೊರೆಯಿತು.

ಹಳೆಯ ಫಾಂಟುಗಳಲ್ಲಿದ್ದ ಪುಟಗಳನ್ನು ಯಾರಾದರೂ ಮುತುವರ್ಜಿಯಿಂದ ಯೂನಿಕೋಡಿಗೆ ಬದಲಿಸಿದ್ದರೆ ಅವು ಇಂದಿಗೂ ಓದಲು ಸಿಗುತ್ತವೆ. ಬದಲಿಸದ ಪುಟ ಸರ್ವರಿನಲ್ಲಿ ಉಳಿದಿದ್ದರೂ ಓದುಗನ ಪಾಲಿಗೆ ಇಲ್ಲದಂತೆಯೇ. ಶೋಧ ಯಂತ್ರದಲ್ಲಿ ಕನ್ನಡ ಪದ ಕೊಟ್ಟು ಹುಡುಕಿದರೆ ಅದು ಸಿಗುವುದಿಲ್ಲ. ಮೂಲ ಕಡತ ಕೈಯಲ್ಲಿದ್ದವರು ಈಗಲೂ ಅದನ್ನು ಉಳಿಸಿಕೊಳ್ಳಬಹುದು. ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಪುಕ್ಕಟೆಯಾಗಿ ದೊರೆಯುತ್ತವೆ.

ಖಾತೆ ಮತ್ತು ಕಂದಾಯ

ಸ್ವಂತ ವಿಳಾಸ ಕೊಂಡವರು ತಾವು ಪೂರ್ತಿ ಮಾಲೀಕರೆಂದು ತಿಳಿಯುವುದು ಸಹಜ. ವಾಸ್ತವವಾಗಿ ಜಾಲದ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳಲಾಗದು. ಡಾಟ್ ಕಾಮ್‌ನಂತಹ ಹೆಸರನ್ನು ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ನೋಂದಾಯಿಸಬಹುದು. ಅವಧಿ ಮುಗಿಯುವ ಮೊದಲು ಹಣ ಕಟ್ಟಿ ನವೀಕರಿಸಬೇಕು. ತಡವಾದರೆ ಕೆಲವು ದಿನಗಳ ವಿನಾಯಿತಿ, ಆಮೇಲೆ ದಂಡ, ಕೊನೆಗೆ ಹೆಸರು ಬಯಲಿಗೆ.

ಮರೆವು ಸಣ್ಣವರಿಗೆ ಮಾತ್ರ ಸೇರಿದ್ದಲ್ಲ. ಸಬೀರ್ ಭಾಟಿಯಾ ಮತ್ತು ಜಾಕ್ ಸ್ಮಿತ್ 1996ರಲ್ಲಿ ಆರಂಭಿಸಿದ ಹಾಟ್‌ಮೇಲ್ ಸೇವೆಯನ್ನು ಮೈಕ್ರೋಸಾಫ್ಟ್ ಮರುವರ್ಷ ಕೊಂಡಿತ್ತು. 1999ರ ಕ್ರಿಸ್‌ಮಸ್ ಸಮಯದಲ್ಲಿ ಅದರ ಬಳಕೆದಾರರಿಗೆ ಏಕಾಏಕಿ ತಮ್ಮ ಅಂಚೆಪೆಟ್ಟಿಗೆ ತೆರೆಯಲಾಗಲಿಲ್ಲ. ಒಳಬರುವವರ ಗುರುತು ಪರೀಕ್ಷಿಸಲು ಬಳಸುತ್ತಿದ್ದ ಪಾಸ್‌ಪೋರ್ಟ್ ಡಾಟ್ ಕಾಮ್ ಎಂಬ ವಿಳಾಸದ ಶುಲ್ಕ ಕಟ್ಟಲು ಕಂಪನಿ ಮರೆತಿತ್ತು. ಕಾರಣ ಊಹಿಸಿದ ಪ್ರೋಗ್ರಾಮರ್ ಒಬ್ಬರು ತಮ್ಮ ಸ್ವಂತ ಹಣದಿಂದ 35 ಡಾಲರ್ ಕಟ್ಟಿದ ಮೇಲೆ ಸೇವೆ ಸರಿಹೋಯಿತು. ಅಂತಹ ಪುಣ್ಯಾತ್ಮರು ಎಲ್ಲರಿಗೂ ಸಿಗುವುದಿಲ್ಲ. ಕೈಬಿಟ್ಟ ಹೆಸರುಗಳಿಗಾಗಿಯೇ ಕಾದು ಕುಳಿತು ಕೊಳ್ಳುವವರಿದ್ದಾರೆ. ಹಿಂದೆ ಸಾಹಿತ್ಯದ ಪುಟವಿದ್ದ ವಿಳಾಸದಲ್ಲಿ ಇಂದು ಜೂಜಾಟದ ಜಾಹೀರಾತು ಕಾಣಿಸಿದರೆ ಅದರ ಹಿಂದಿನ ಕಥೆ ಬಹುಮಟ್ಟಿಗೆ ಇದೇ ಆಗಿರುತ್ತದೆ.

ಖಾತೆಯ ವಿಷಯವೂ ಮುಖ್ಯ. ತಾಣವನ್ನು ಪರಿಚಯದ ಹುಡುಗನೊಬ್ಬ ಮಾಡಿಕೊಡುತ್ತಾನೆ. ವಿಳಾಸವನ್ನು ತನ್ನ ಹೆಸರಿನಲ್ಲಿ, ತನ್ನ ಇ-ಮೇಲ್ ಕೊಟ್ಟು ನೋಂದಾಯಿಸುತ್ತಾನೆ. ಎರಡು ವರ್ಷದ ಮೇಲೆ ಅವನು ಊರು ಬಿಟ್ಟರೆ ನವೀಕರಣದ ಸೂಚನೆ ಹೋಗುವುದು ಅವನಿಗೆ. ಮೋಸದ ಉದ್ದೇಶ ಇಲ್ಲದಿದ್ದರೂ ಸೈಟು ಕೈತಪ್ಪುತ್ತದೆ. ನೋಂದಣಿ ತನ್ನ ಹೆಸರಿನಲ್ಲಿಯೇ ಇರಬೇಕು. ಅಲ್ಲಿ ಕೊಟ್ಟಿರುವ ಇ-ಮೇಲ್ ಈಗಲೂ ತೆರೆಯುತ್ತಿರಬೇಕು.

ಬಾಗಿಲು ಮತ್ತು ಬೀಗ

‘ನಮ್ಮ ಪುಟದಲ್ಲಿ ಕದಿಯಲು ಏನಿದೆ?’ ಎಂಬುದು ಸಣ್ಣ ತಾಣಗಳವರು ಸಾಮಾನ್ಯವಾಗಿ ಹೇಳುವ ಮಾತು. ಕಳ್ಳನಿಗೆ ಬೇಕಾಗಿರುವುದು ಅಲ್ಲಿನ ಬರಹವಲ್ಲ, ಆ ಜಾಗ. ಅಲ್ಲಿಂದ ಮೋಸದ ಇ-ಮೇಲ್ ಕಳುಹಿಸಬಹುದು, ಬ್ಯಾಂಕಿನದೆಂದು ನಂಬಿಸುವ ನಕಲಿ ಪುಟ ಇಡಬಹುದು. ಈ ಕಳ್ಳತನ ಮಾಡುವುದು ಮನುಷ್ಯನ ಕೈಯಲ್ಲ, ಯಂತ್ರ. ಬೀದಿಯ ಒಂದೊಂದು ಮನೆಯ ಚಿಲಕವನ್ನೂ ಅಲುಗಾಡಿಸಿ ನೋಡುವವನಂತೆ ಅದು ಲಕ್ಷಾಂತರ ತಾಣಗಳನ್ನು ಒಂದೇ ಸಮನೆ ಪರೀಕ್ಷಿಸುತ್ತದೆ. ಮನೆ ದೊಡ್ಡದೋ ಚಿಕ್ಕದೋ ಎಂಬುದು ಅದಕ್ಕೆ ಬೇಕಿಲ್ಲ.

2003ರ ಮೇ 27ರಂದು ಹೊರಬಂದ ವರ್ಡ್‌ಪ್ರೆಸ್ ಎಂಬ ಪುಕ್ಕಟೆ ತಂತ್ರಾಂಶದಿಂದ ಎಚ್‌ಟಿಎಂಎಲ್ ತಿಳಿಯದವರೂ ತಾಣ ನಡೆಸುವುದು ಸುಲಭವಾಯಿತು. ಇಂದು ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಇದನ್ನು ಅವಲಂಬಿಸಿವೆ. ಎಲ್ಲರ ಮನೆಗೂ ಒಂದೇ ಕಂಪನಿಯ ಬೀಗವಿದ್ದಂತೆ ಇದು. ಬೀಗದ ಒಂದು ದೋಷ ತಿಳಿದವನಿಗೆ ಲಕ್ಷ ಬಾಗಿಲುಗಳು ತೆರೆದಂತಾಗುತ್ತದೆ. 2017ರ ಜನವರಿ 26ರಂದು ವರ್ಡ್‌ಪ್ರೆಸ್ ಅಂತಹ ದೋಷವೊಂದನ್ನು ಸರಿಪಡಿಸಿದ ಆವೃತ್ತಿಯನ್ನು ಬಿಡುಗಡೆ ಮಾಡಿತು. ತಾಣಗಳಿಗೆ ಸಮಯ ಸಿಗಲೆಂದು ದೋಷದ ವಿವರವನ್ನು ಸುಮಾರು ಒಂದು ವಾರ ಗುಟ್ಟಾಗಿಡಲಾಯಿತು. ವಿವರ ಹೊರಬಿದ್ದ ಕೆಲವೇ ದಿನಗಳಲ್ಲಿ ಸುಮಾರು 15 ಲಕ್ಷ ಪುಟಗಳು ವಿರೂಪಗೊಂಡವೆಂದು ಅಂದಾಜು ಮಾಡಲಾಯಿತು. ಆ ವಾರದೊಳಗೆ ಹೊಸ ಆವೃತ್ತಿ ಹಾಕಿಕೊಂಡಿದ್ದವರಿಗೆ ಈ ದೋಷದಿಂದ ತೊಂದರೆಯಾಗಲಿಲ್ಲ.

ಆದ್ದರಿಂದ ರಕ್ಷಣೆಯ ಮೊದಲ ಪಾಠ ತಂತ್ರಾಂಶವನ್ನು ಕಾಲಕಾಲಕ್ಕೆ ಹೊಸದಾಗಿಸುವುದು. ಅಲಂಕಾರಕ್ಕೆಂದು ಸೇರಿಸಿ ಮರೆತುಬಿಟ್ಟ ಬಿಡಿ ತಂತ್ರಾಂಶಗಳನ್ನು ತೆಗೆದುಹಾಕಬೇಕು; ಕಳ್ಳ ಹಿತ್ತಲ ಕಡೆಯಿಂದ ಬರುವುದು ಇವುಗಳ ಮೂಲಕವೇ. ಎರಡನೆಯದು ಪಾಸ್‌ವರ್ಡ್. ಗೋಜಲಾದ ಚಿಹ್ನೆಗಳಿಗಿಂತ ಉದ್ದವೇ ಹೆಚ್ಚು ಬಲ ಕೊಡುತ್ತದೆ. ಒಂದೇ ಪಾಸ್‌ವರ್ಡನ್ನು ಹಲವು ಕಡೆ ಬಳಸುವುದು ಮನೆ, ಅಂಗಡಿ, ತಿಜೋರಿ ಮೂರಕ್ಕೂ ಒಂದೇ ಬೀಗದ ಕೈ ಇಟ್ಟಂತೆ. ಪಾಸ್‌ವರ್ಡಿನ ಜೊತೆಗೆ ಫೋನಿಗೆ ಬರುವ ಸಂಖ್ಯೆಯನ್ನೂ ಕೇಳುವ ಏರ್ಪಾಡಿದ್ದರೆ ಅದನ್ನು ಬಳಸುವುದು ಒಳ್ಳೆಯದು.

ಮೂರನೆಯದು ವಿಳಾಸದ ಪಕ್ಕದಲ್ಲಿ ಸುರಕ್ಷತೆಯನ್ನು ಸೂಚಿಸುವ ಪ್ರಮಾಣಪತ್ರ. ಇದಿಲ್ಲದ ತಾಣದೊಂದಿಗಿನ ವ್ಯವಹಾರ ಪೋಸ್ಟ್ ಕಾರ್ಡಿನಂತೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಇದ್ದರೆ ಅಂಟಿಸಿದ ಲಕೋಟೆಯಂತೆ. ಮೊದಲು ಇದಕ್ಕೆ ಹಣ ಕೊಡಬೇಕಿತ್ತು. 2015ರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ ಆರಂಭವಾದ ಮೇಲೆ ಪುಕ್ಕಟೆಯಾಗಿ ಸಿಗುತ್ತಿದೆ. ಪ್ರಮಾಣಪತ್ರವಿಲ್ಲದ ತಾಣಗಳನ್ನು ಗೂಗಲ್‌ನ ಕ್ರೋಮ್ 2018ರ ಜುಲೈಯಿಂದ ‘ಸುರಕ್ಷಿತವಲ್ಲ’ ಎಂದು ಗುರುತಿಸತೊಡಗಿತು. ಆದರೆ ಲಕೋಟೆ ಅಂಟಿಸಿದೆ ಎಂದ ಮಾತ್ರಕ್ಕೆ ಬರೆದವನು ಸಾಚಾ ಎಂದು ಅರ್ಥವಲ್ಲ. ಮೋಸಗಾರನೂ ಲಕೋಟೆ ಅಂಟಿಸಬಲ್ಲ.

ಅತ್ತಿಮಬ್ಬೆಯ ಸಾವಿರ ಪ್ರತಿ

ಎಲ್ಲ ಬೀಗಗಳೂ ಸರಿಯಾಗಿದ್ದು ಕಟ್ಟಡಕ್ಕೇ ಬೆಂಕಿ ಬಿದ್ದರೆ? 2021ರ ಮಾರ್ಚ್ 10ರ ನಡುರಾತ್ರಿಯ ನಂತರ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಒವಿಎಚ್ ಎಂಬ ದೊಡ್ಡ ಹೋಸ್ಟಿಂಗ್ ಸಂಸ್ಥೆಯ ಐದು ಅಂತಸ್ತಿನ ಸರ್ವರ್ ಕಟ್ಟಡ ಸುಟ್ಟುಹೋಯಿತು. ಸುಮಾರು 36 ಲಕ್ಷ ಜಾಲತಾಣಗಳು ತೆರೆಯದಾದವು. ನಕಲು ಪ್ರತಿಯನ್ನು ಬೇರೆಡೆ ಇಟ್ಟಿದ್ದವರು ಮತ್ತೆ ಎದ್ದು ನಿಂತರು. ಮೂಲವೂ ನಕಲೂ ಅದೇ ಆವರಣದಲ್ಲಿದ್ದ ಕೆಲವರು ಎರಡನ್ನೂ ಕಳೆದುಕೊಂಡರು.

ಈ ಪಾಠ ಕನ್ನಡಿಗರಿಗೆ ಸಾವಿರ ವರ್ಷಗಳಷ್ಟು ಹಳೆಯದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಆಸ್ಥಾನದಲ್ಲಿದ್ದ ಪೊನ್ನ ಕವಿಯ ‘ಶಾಂತಿಪುರಾಣ’ವನ್ನು ದಾನಚಿಂತಾಮಣಿ ಅತ್ತಿಮಬ್ಬೆ ಸಾವಿರ ಪ್ರತಿಗಳಾಗಿ ಬರೆಸಿ ಹಂಚಿಸಿದಳು. ಅಚ್ಚುಯಂತ್ರವಿಲ್ಲದ ಕಾಲದಲ್ಲಿ ಒಂದೊಂದು ಓಲೆಯನ್ನೂ ಕಂಠದಿಂದ ಕೊರೆಯಬೇಕಾಗಿದ್ದಾಗ ಇದು ಸಣ್ಣ ಕೆಲಸವಲ್ಲ. ಶಾಂತಿಪುರಾಣ ಇಂದಿಗೂ ಓದಲು ಸಿಗುತ್ತದೆ. ಅದೇ ಪೊನ್ನ ಬರೆದ ‘ಭುವನೈಕರಾಮಾಭ್ಯುದಯ’ ಸಿಕ್ಕಿಲ್ಲ. ಕವಿ ಒಬ್ಬನೇ, ಉಭಯಕವಿ ಚಕ್ರವರ್ತಿ ಎಂಬ ಬಿರುದೂ ಒಂದೇ. ಆದರೂ ಒಂದು ಉಳಿಯಿತು, ಇನ್ನೊಂದು ಅಳಿಯಿತು.

ಇಂದಿನ ತಂತ್ರಜ್ಞರು ಸಾವಿರ ಪ್ರತಿ ಕೇಳುವುದಿಲ್ಲ. ಮೂರು ಸಾಕು ಎನ್ನುತ್ತಾರೆ. ಮೂರು ಪ್ರತಿಗಳು, ಅವು ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದಾದರೂ ಬೇರೆ ಊರಿನಲ್ಲಿ ಎಂಬುದು ಅವರ ಸೂತ್ರ. ಒಂದು ತಾಣದಲ್ಲಿ, ಒಂದು ಮನೆಯ ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ಮಗಳ ಮನೆಯಲ್ಲಿ ಇದ್ದರೂ ಸೂತ್ರ ಪಾಲಿಸಿದಂತೆಯೇ. ವರ್ಷಕ್ಕೊಮ್ಮೆಯಾದರೂ ನಕಲನ್ನು ತೆರೆದು, ಓದಲು ಬರುತ್ತದೆಯೆ ಎಂದು ನೋಡಬೇಕು.

ಇದಲ್ಲದೆ 1996ರಲ್ಲಿ ಬ್ರೂಸ್ಟರ್ ಕಾಲ್ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ ಜಗತ್ತಿನ ಜಾಲಪುಟಗಳ ಹಳೆಯ ರೂಪಗಳನ್ನು ಸಂಗ್ರಹಿಸುತ್ತ ಬಂದಿದೆ. 2001ರಿಂದ ಇದು ಸಾರ್ವಜನಿಕರಿಗೆ ತೆರೆದಿದೆ. ತಮ್ಮ ಪುಟದ ವಿಳಾಸ ಕೊಟ್ಟು ಅದನ್ನು ಅಲ್ಲಿ ಸೇರಿಸಲು ಯಾರು ಬೇಕಾದರೂ ಕೋರಬಹುದು. ಆದರೆ ಈ ಭಂಡಾರವೂ 2024ರ ಅಕ್ಟೋಬರ್‌ನಲ್ಲಿ ದಾಳಿಗೊಳಗಾಗಿ ಕೆಲವು ದಿನ ಮುಚ್ಚಿತ್ತು. ಒಂದೇ ಭಂಡಾರವನ್ನು ನೆಚ್ಚಿ ಕೂರುವಂತಿಲ್ಲ.

ವಾರಸುದಾರರು ಯಾರು?

ಸೈಟಿಗೆ ಉಯಿಲು ಬರೆಯುವವರು ಜಾಲತಾಣಕ್ಕೆ ಬರೆಯುವುದಿಲ್ಲ. ತಾಣ ನಡೆಸುತ್ತಿದ್ದವರು ತೀರಿಕೊಂಡಾಗ ಮನೆಯವರಿಗೆ ಅದರ ಪಾಸ್‌ವರ್ಡ್ ಗೊತ್ತಿರುವುದಿಲ್ಲ, ಹಣ ಎಲ್ಲಿಗೆ ಕಟ್ಟಬೇಕೆಂಬುದೂ ತಿಳಿದಿರುವುದಿಲ್ಲ. ನವೀಕರಣದ ಸೂಚನೆಗಳು ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಬರುತ್ತಲೇ ಇರುತ್ತವೆ. ಅವಧಿ ಮುಗಿದ ದಿನ ಇಪ್ಪತ್ತು ವರ್ಷಗಳ ಬರಹ ಸದ್ದಿಲ್ಲದೆ ಮರೆಯಾಗುತ್ತದೆ. ಊರಿನ ವೀರಗಲ್ಲುಗಳ ಚಿತ್ರಗಳೂ ಅಜ್ಜಿಯ ಸೋಬಾನೆ ಪದಗಳೂ ಬೇರೆಲ್ಲೂ ದಾಖಲಾಗಿರದಿದ್ದರೆ ನಷ್ಟ ಆ ಒಂದು ಮನೆಯದಷ್ಟೇ ಅಲ್ಲ.

ಇದನ್ನು ತಪ್ಪಿಸಲು ದೊಡ್ಡ ತಂತ್ರಜ್ಞಾನ ಬೇಕಿಲ್ಲ. ವಿಳಾಸ ಯಾವ ಕಂಪನಿಯಲ್ಲಿ ನೋಂದಣಿಯಾಗಿದೆ, ಜಾಗ ಎಲ್ಲಿದೆ, ಯಾವ ತಿಂಗಳು ಎಷ್ಟು ಹಣ ಕಟ್ಟಬೇಕು, ಪಾಸ್‌ವರ್ಡ್ ಯಾವುದು, ನಕಲು ಪ್ರತಿ ಎಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದು, ಲಕೋಟೆಯಲ್ಲಿಟ್ಟು, ಮನೆಯ ಪತ್ರ ಮತ್ತು ವಿಮೆಯ ಕಾಗದಗಳ ಜೊತೆ ಸೇರಿಸಿದರೆ ಸಾಕು. ಆ ಲಕೋಟೆ ಇದೆಯೆಂಬುದನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿರಬೇಕು.